ಒಲೆಯ ಹಣೆಗೆ ವಿಭೂತಿ

ನಮ್ಮ ಗುರುಗಳು ಹೇಳಿದ ಕತೆಯನ್ನು ಅವರ ಹಾಗೆ ಹೇಳಲು ನನಗೆ ಬರುವುದಿಲ್ಲ. ಬರೆದು ರೂಢಿಯಿಲ್ಲ. ಒಂದು ಮಾತು ಸಾಕಾಗುವಲ್ಲಿ ನಾಲ್ಕು ಮಾತು ಹೇಳಿಬಿಡುತ್ತೇನೆ. ಓದುವವರು ಮನ್ನಿಸಬೇಕು.

"ಬುದ್ಧೀ, ಕೆಣಕಿದವನದು ತಪ್ಪೋ, ಕೂಗಿದವನದು ತಪ್ಪೋ?"

ಇದು ಗುರುಗಳಿಗೆ ಸೋಮಲಿಂಗ ಹಾಕಿದ ಪ್ರಶ್ನೆ. ಕೇಳಿದ ಎಂದರೆ ಸರಿಹೋಗದು, ಅದನ್ನೂ ಅವನು ಕೂಗಿಯೇ ಹೇಳಿದ. ಸೋಮಲಿಂಗ ನಮ್ಮ ಮಠದಲ್ಲಿ ಸಂಜೆಯ ಪ್ರಾರ್ಥನೆ ಹಾಡುವ ಶಿಷ್ಯ. ಅವನ ಪಕ್ಕದಲ್ಲಿ ತಬಲಾ ನುಡಿಸುತ್ತಿದ್ದವನು ಗುರುಪಾದ. ಸೋಮಲಿಂಗನ ಶ್ರುತಿ ಒಂದಿಷ್ಟು ಜಾರಿದರೆ ಸಾಕು, ಗುರುಪಾದ ಎಲ್ಲರ ಮುಂದೆ, "ಗವಾಯಿಗಳಿಗೆ ಇವತ್ತು ಪ್ರಸಾದ ಜಾಸ್ತಿಯಾಯಿತೇನೋ!" ಎನ್ನುತ್ತಿದ್ದ. ಕೂತವರು ನಗುತ್ತಿದ್ದರು. ಸೋಮಲಿಂಗ ಕೂಗಾಡುತ್ತಿದ್ದ. ಆಮೇಲೆ ಎಲ್ಲರ ಬಾಯಲ್ಲೂ ಒಂದೇ ಮಾತು: ಸೋಮಲಿಂಗನಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಕೆಣಕಿದವನ ಸುದ್ದಿಯನ್ನು ಯಾರೂ ಎತ್ತುತ್ತಿರಲಿಲ್ಲ. ಕಳೆದ ತಿಂಗಳು ಗುರುಪಾದನನ್ನು ಶಾಖಾಮಠದ ಕೆಲಸಕ್ಕೆ ಕಳಿಸಿದ್ದರು. ಅವನು ತಿರುಗಿ ಬರುತ್ತಾನೆ ಎಂಬ ಸುದ್ದಿ ಅಂದು ಬೆಳಿಗ್ಗೆ ಬಂದಿತ್ತು.

"ಅವನು ಈ ಹೊಸ್ತಿಲು ದಾಟಿ ಒಳಗೆ ಬಂದರೆ ನಾನು ದಾಟಿ ಹೊರಗೆ ಹೋಗುತ್ತೇನೆ" ಎಂದ ಸೋಮಲಿಂಗ. "ತಪ್ಪು ಯಾರದು ಎಂದು ಇವತ್ತೇ ತೀರ್ಮಾನವಾಗಬೇಕು."

ಗುರುಗಳು ಕೂರಲು ಹೇಳಿದರು. ಅವನು ಕೂರಲಿಲ್ಲ. ನಿಂತವನಿಗೇ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಖಾನಾವಳಿಯ ಯಜಮಾನನಿದ್ದ. ಅವನಲ್ಲಿ ಒಬ್ಬ ಅಡುಗೆಯವಳಿದ್ದಳು. ಅವನ ಅಪ್ಪನ ಕಾಲದಿಂದಲೂ ಆ ಒಲೆಯ ಮುಂದೆ ನಿಂತವಳು ಅವಳೇ. ಯಜಮಾನ ಅವಳನ್ನು 'ಅಕ್ಕಾ' ಎನ್ನುತ್ತಿದ್ದ. ಅವಳು ಅವನನ್ನು 'ತಮ್ಮಾ' ಎನ್ನುತ್ತಿದ್ದಳು. ಒಮ್ಮೆ ಯಜಮಾನ ದೊಡ್ಡದೊಂದು ಕರೆಂಟಿನ ಒಲೆ ತಂದ.

ಅಂಥ ಒಲೆಯನ್ನು ಕಾಣದವರಿಗಾಗಿ ನಾನು ನಡುವೆ ಬಾಯಿ ಹಾಕಬೇಕಾಗಿದೆ. ಅದರ ಮೇಲೆ ಪಾತ್ರೆ ಇಡುವ ಜಾಗಗಳು, ಕೆಳಗೆ ಓವನ್. ಎದುರಿಗೆ ಒಂದು ನುಣುಪಾದ ಪಟ್ಟಿ. ಉರಿ ಹೆಚ್ಚುಕಡಿಮೆ ಮಾಡಲು ತಿರುಗಿಸುವ ಕಿವಿ ಇರುವುದಿಲ್ಲ. ಪಟ್ಟಿಯ ಮೇಲಿನ ಗುಂಡಿಗಳನ್ನು ಬೆರಳಿನಿಂದ ಒತ್ತಬೇಕು. ಒತ್ತಿದ್ದು ಒಂದು ಚಪ್ಪಟೆ ತಂತಿಯ ಮೂಲಕ ಒಳಗಿನ ಬೋರ್ಡಿಗೆ ತಿಳಿಯುತ್ತದೆ. ಉರಿಯನ್ನು ಆಳುವುದು ಬೋರ್ಡು. ಏನಾದರೂ ಕೆಟ್ಟರೆ ಬೀಪ್ ಬೀಪ್ ಎಂದು ಕೂಗುವುದೂ ಅದೇ. ಗುಂಡಿ, ತಂತಿ, ಬೋರ್ಡು, ಇಷ್ಟು ನೆನಪಿದ್ದರೆ ಕತೆ ತಪ್ಪುವುದಿಲ್ಲ.

ಆ ಅಡುಗೆಯವಳಿಗೆ ಒಂದು ನೇಮವಿತ್ತು. ಸೋಮವಾರ ಒಲೆಗೆ ವಿಭೂತಿ ಹಚ್ಚದೆ ಅವಳು ಉರಿ ಮಾಡುತ್ತಿರಲಿಲ್ಲ. ಮಣ್ಣಿನ ಒಲೆಗೂ ಹಚ್ಚಿದ್ದಳು, ಗ್ಯಾಸಿನ ಒಲೆಗೂ ಹಚ್ಚಿದ್ದಳು. ಹೊಸ ಒಲೆಗೆ ಹಣೆ ಯಾವುದೆಂದು ಹುಡುಕಿದಳು. ಪಟ್ಟಿಯೇ ಹಣೆಯ ಹಾಗೆ ಕಂಡಿತು. ವಿಭೂತಿಯನ್ನು ನೀರಿನಲ್ಲಿ ಕಲಸಿ, ಗುಂಡಿಗಳ ಮೇಲೆಯೇ ಮೂರು ಬೆರಳು ಎಳೆದಳು. ಸೋಮವಾರ ಬಂದಾಗಲೆಲ್ಲ ಎಳೆದಳು.

ಒಂದು ದಿನ ಊಟದ ಹೊತ್ತಿನಲ್ಲಿ ಒಲೆ ಕೂಗಿಕೊಂಡಿತು. ಪಟ್ಟಿಯಲ್ಲಿ ಏನೋ ಒಂದು ಅಕ್ಷರ ಮಿನುಗಿತು. ಉರಿ ಆರಿತು. ಹಂಚಿನ ಮೇಲಿನ ರೊಟ್ಟಿ ಅರೆಬೆಂದು ನಿಂತಿತು. ಯಜಮಾನ ಮೇನ್ ಸ್ವಿಚ್ ಆರಿಸಿ ಹಾಕಿದ. ಒಲೆ ಮತ್ತೆ ಕೂಗಿತು. ತಟ್ಟೆಯ ಮುಂದೆ ಕೂತವನೊಬ್ಬ, "ಯಜಮಾನರೇ, ರೊಟ್ಟಿ ಬೇಯುವ ಮುಂಚೆಯೇ ನಿಮ್ಮ ಒಲೆ ಊಟಕ್ಕೆ ಕರೆಯುತ್ತಿದೆಯಲ್ಲ!" ಎಂದ. ಯಜಮಾನ ಒಲೆಗೆ ಒಂದು ಏಟು ಹಾಕಿದ.

ಮೆಕ್ಯಾನಿಕ್ ಒಬ್ಬ ಬಂದ. ಕೂಗುತ್ತಿರುವುದು ಬೋರ್ಡು, ಆದ್ದರಿಂದ ಕೆಟ್ಟಿರುವುದೂ ಬೋರ್ಡು ಎಂದ. ಬೇರೆ ಬೋರ್ಡು ಕೂರಿಸಿ ಹೋದ. ಒಲೆ ಎರಡು ದಿನ ಸುಮ್ಮನಿತ್ತು. ಸೋಮವಾರ ಬಂತು. ಒಲೆ ಮೊದಲಿಗಿಂತ ಜೋರಾಗಿ ಕೂಗಿತು.

ಈಗ ಯಜಮಾನನ ಸಿಟ್ಟು ಅಡುಗೆಯವಳ ಮೇಲೆ ತಿರುಗಿತು. "ಒಲೆ ಹೊಸದು. ಬೋರ್ಡು ಹೊಸದು. ಈ ಅಡುಗೆಮನೆಯಲ್ಲಿ ಹಳೆಯದು ನೀನೊಬ್ಬಳೇ. ಇವತ್ತು ಇದು ಸರಿಹೋಗದಿದ್ದರೆ ನಾಳೆಯಿಂದ ಬರಬೇಡ" ಎಂದ. ಅಕ್ಕಾ ಎನ್ನಲಿಲ್ಲ. ಅದನ್ನು ಅವಳು ಗಮನಿಸಿದಳು.

"ನಿಮ್ಮಪ್ಪನ ಒಲೆ ಉರಿಯುತ್ತಿತ್ತು, ಕಿರುಚುತ್ತಿರಲಿಲ್ಲ" ಎಂದಳು. "ಕಿರುಚುವುದನ್ನು ತಂದವನು ನೀನು. ನಾಳೆಯವರೆಗೆ ಏಕೆ, ಈಗಲೇ ಹೋಗುತ್ತೇನೆ." ಸೆರಗು ಬಿಗಿದು ತನ್ನ ಲಟ್ಟಣಿಗೆ ಎತ್ತಿಕೊಂಡಳು. ಆ ಲಟ್ಟಣಿಗೆ ಖಾನಾವಳಿಯದಲ್ಲ, ಅವಳ ತವರಿನದು. ಅದನ್ನು ಎತ್ತಿಕೊಂಡಳು ಎಂದರೆ ತಿರುಗಿ ಬರುವುದಿಲ್ಲ ಎಂದು ಅರ್ಥ.

ಅಷ್ಟು ಹೊತ್ತಿಗೆ ಇನ್ನೊಬ್ಬ ಮೆಕ್ಯಾನಿಕ್ ಬಾಗಿಲಲ್ಲಿ ನಿಂತಿದ್ದ. ಅವನೂ ಸಿಡುಕನೇ.

"ಮತ್ತೆ ಬೋರ್ಡು ಎಂದೆಯೋ, ನಿನ್ನನ್ನೂ ಒಲೆಯನ್ನೂ ಒಟ್ಟಿಗೆ ಬೀದಿಗೆ ಎಸೆಯುತ್ತೇನೆ" ಎಂದ ಯಜಮಾನ.

"ಎಸೆಯುವಿರಂತೆ. ಮೊದಲು ನೀವಿಬ್ಬರೂ ಬಾಯಿ ಮುಚ್ಚಿ. ಒಲೆ ಏನು ಹೇಳುತ್ತದೆ ಎಂದು ನನಗೆ ಕೇಳಿಸಬೇಕು."

ಅವನು ಮೇನ್ ಸ್ವಿಚ್ ಆರಿಸಿದ. ಪಟ್ಟಿಯನ್ನು ಬಿಚ್ಚಿದ. ಗುಂಡಿಗಳಿಂದ ಬೋರ್ಡಿಗೆ ಹೋಗುವ ಚಪ್ಪಟೆ ತಂತಿಯನ್ನು ಕಿತ್ತು ಬೇರೆ ಮಾಡಿದ. ಮತ್ತೆ ಸ್ವಿಚ್ ಹಾಕಿದ. "ಈಗ ಬೋರ್ಡನ್ನು ಒತ್ತುವವರು ಯಾರೂ ಇಲ್ಲ" ಎಂದ. "ಈಗಲೂ ಕೂಗಿದರೆ ರೋಗ ಬೋರ್ಡಿನ ಒಳಗೇ ಇದೆ. ಸುಮ್ಮನಿದ್ದರೆ ರೋಗ ಗುಂಡಿಯಲ್ಲಿದೆ. ಕಾಯೋಣ."

ಮೂವರೂ ಕಾದರು. ಒಲೆ ಕೂಗಲಿಲ್ಲ. ಇನ್ನೂ ಕಾದರು. ಕೂಗಲಿಲ್ಲ.

ಅವನು ಮತ್ತೆ ಸ್ವಿಚ್ ಆರಿಸಿ ಪಟ್ಟಿಯ ಹಿಂಬದಿ ತೋರಿಸಿದ. ಒಂದು ಗುಂಡಿಯ ಸಂದಿನಲ್ಲಿ ವಿಭೂತಿಯ ನೀರು ಇಳಿದು ಬೆಳ್ಳಗೆ ಗಟ್ಟಿಯಾಗಿತ್ತು. ಮೊದಲ ಮೆಕ್ಯಾನಿಕ್ ಬಿಚ್ಚಿ ಕೂರಿಸಿದಾಗ ಸಡಿಲವಾಗಿದ್ದ ಗುಂಡಿ ಸೋಮವಾರದ ನೀರಿಗೆ ಮತ್ತೆ ಒತ್ತಿದಂತೆಯೇ ನಿಂತುಬಿಟ್ಟಿತ್ತು. ಯಾರೋ ಬೆರಳು ತೆಗೆಯದೆ ಒತ್ತುತ್ತಿದ್ದಾರೆ ಎಂದು ಬೋರ್ಡು ಕೂಗುತ್ತಿತ್ತು. ತಪ್ಪಿಲ್ಲದ ಹಳೆಯ ಬೋರ್ಡು ಆಗಲೇ ಗುಜರಿ ಸೇರಿತ್ತು.

ಯಜಮಾನ ಅಡುಗೆಯವಳ ಕಡೆ ತಿರುಗಿದ. ಅವಳು ತಲೆ ತಗ್ಗಿಸಲಿಲ್ಲ. "ಹಚ್ಚಿದವಳು ನಾನೇ. ನಿನ್ನ ಅನ್ನ ಚೆನ್ನಾಗಿರಲಿ ಎಂದು ಹಚ್ಚಿದೆ. ಹಣೆ ಎಂದುಕೊಂಡೆ" ಎಂದಳು.

ಯಜಮಾನ ಬೈಯಲು ಬಾಯಿ ತೆರೆದ. ಅವಳ ಕೈಯಲ್ಲಿದ್ದ ಲಟ್ಟಣಿಗೆ ಕಂಡಿತು. "ಅಕ್ಕಾ, ಅದನ್ನು ಕೆಳಗಿಡು" ಎಂದ. "ಬರುವ ಸೋಮವಾರ ಪಕ್ಕದ ತಗಡಿಗೆ ಹಚ್ಚು. ಅಲ್ಲಿ ಗುಂಡಿಯಿಲ್ಲ."

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಸೋಮಲಿಂಗನ ಮುಖ ಅರಳಿತು. ಅರಳಿದ್ದು ಸಂತೋಷಕ್ಕೆ ಎನ್ನುವುದಕ್ಕಿಂತ ಗೆದ್ದ ಸಿಟ್ಟಿಗೆ ಎನ್ನಬೇಕು.

"ನೋಡಿದಿರಾ ಬುದ್ಧೀ! ಕೂಗಿದ್ದರದು ತಪ್ಪೇ ಅಲ್ಲ. ಒತ್ತಿದ್ದರದು ತಪ್ಪು. ನಾನು ಬೋರ್ಡು, ಆ ಗುರುಪಾದ ಗುಂಡಿ. ಇದನ್ನು ಎಲ್ಲರ ಮುಂದೆ ಹೇಳಿ. ಅವನು ಬಂದ ಮೇಲೆ ಅವನ ಮುಂದೆಯೂ ಹೇಳಿ!"

ಅವನ ದನಿಗೆ ಅಂಗಳದಲ್ಲಿದ್ದವರು ಇತ್ತ ತಿರುಗಿ ನೋಡಿದರು.

"ಆ ಒಲೆಯ ಮಟ್ಟಿಗೆ ನೀನು ಹೇಳಿದ್ದು ನಿಜ" ಎಂದರು ಗುರುಗಳು. "ಆದರೆ ಅದು ಗೊತ್ತಾದದ್ದು ಹೇಗೆ? ಅವನು ತಂತಿ ಕಿತ್ತು ಕಾದನಲ್ಲ, ಸೋಮಲಿಂಗಾ, ಹಾಗೆ ಕಾದದ್ದು ಏಕೆಂದರೆ..."

ಅಷ್ಟರಲ್ಲಿ ದಾಸೋಹದ ಮನೆಯಿಂದ ಕರೆ ಬಂತು. "ಬುದ್ಧೀ, ಪಂಕ್ತಿ ಕೂತಿದೆ. ನೀವು ಬಾರದೆ ಯಾರೂ ತುತ್ತು ಎತ್ತುತ್ತಿಲ್ಲ."

ಗುರುಗಳು ಮಾತನ್ನು ಅಲ್ಲಿಗೇ ಬಿಟ್ಟು ಎದ್ದರು. ಸೋಮಲಿಂಗ ಬೆನ್ನ ಹಿಂದೆಯೇ ಬಂದು, "ತಪ್ಪು ಗುರುಪಾದನದೇ ಎಂದು ಹೇಳಿ ಹೋಗಿ!" ಎಂದು ಮತ್ತೆ ಕೂಗಿದ.

ಗುರುಗಳು ಹೊಸ್ತಿಲ ಮೇಲೆ ನಿಂತು ತಿರುಗಿದರು.

"ತಂತಿ ಕಿತ್ತು ತಿಂಗಳಾಯಿತು, ಸೋಮಲಿಂಗಾ, ಇನ್ನೂ ಕೂಗುತ್ತಿರುವುದು ಯಾರು?"