ಪಕ್ಕಕ್ಕೆ ಸರಿದವರು

ಮಹಾನಗರದ ಅಂಚಿನಲ್ಲಿ, ಅರ್ಧ ಹೂಳು ತುಂಬಿದ ಕೆರೆಯೊಂದರ ದಂಡೆಯ ಮೇಲೆ ಮರುಳಯ್ಯ ಎಂಬ ಗುರುಗಳಿದ್ದರು. ಅವರು ಕಲಿಸುತ್ತಿದ್ದುದು ನೋಡುವುದನ್ನು. ಅಷ್ಟೇ.

ಚಿತ್ರ ಬರೆಯುವವರು, ಫೋಟೋ ತೆಗೆಯುವವರು, ಏನೂ ಮಾಡದವರು, ಎಲ್ಲರೂ ಅವರ ಬಳಿ ಬರುತ್ತಿದ್ದರು. ಬಂದವರನ್ನು ಅವರು ಕೆರೆಯ ಮುಂದೆ ಕೂರಿಸುತ್ತಿದ್ದರು. ಹೆಚ್ಚಿನವರು ಬೇಸತ್ತು ಎದ್ದು ಹೋಗುತ್ತಿದ್ದರು.

ರೋಹಿಣಿ ಹೋಗಲಿಲ್ಲ.

ಅವಳ ಕೊರಳಲ್ಲಿ ಸದಾ ಕ್ಯಾಮೆರಾ. ಬೆಳಗಾದರೆ ಊರು ಸುತ್ತಲು ಹೊರಟುಬಿಡುವಳು. ಯಾರೂ ನಿಂತು ನೋಡದ ತಮಾಷೆಗಳು ಅವಳ ಕಣ್ಣಿಗೆ ಬೀಳುತ್ತಿದ್ದವು. ಸ್ಕೂಟರಿನಲ್ಲಿ ಸವಾರನ ಮೊಣಕಾಲುಗಳ ನಡುವೆ ಗಂಭೀರವಾಗಿ ನಿಂತು ಹೊರಟಿದ್ದ ಮೇಕೆ. ಯಾರದೋ ಬೈಕಿನ ಕನ್ನಡಿ ನೋಡಿಕೊಂಡು ಹಲ್ಲುಜ್ಜುತ್ತಿದ್ದ ಮನುಷ್ಯ. ಸೈಕಲ್ಲಿನ ಹಿಂದೆ ಕಟ್ಟಿದ್ದ ಬಟ್ಟೆ ಅಂಗಡಿಯ ಗೊಂಬೆ, ಈಗ ಎಡಕ್ಕೆ ತಿರುಗುತ್ತೇನೆ ಅನ್ನುವ ಹಾಗೆ ಕೈ ಚಾಚಿಕೊಂಡಿತ್ತು.

ಆ ಚಿತ್ರಗಳನ್ನು ನೋಡಿದವರು ನಗುತ್ತಿದ್ದರು. ಗುರುಗಳೂ ಒಮ್ಮೊಮ್ಮೆ ನಕ್ಕದ್ದುಂಟು.

ಒಂದು ಮೋಡದ ಬೆಳಿಗ್ಗೆ ಅವಳು ದೊಡ್ಡದಾಗಿ ಅಚ್ಚು ಹಾಕಿಸಿದ ಚಿತ್ರವೊಂದನ್ನು ತಂದಳು. ಇಷ್ಟು ದಿನ ತೆಗೆದವುಗಳಲ್ಲಿ ಇದೇ ಒಳ್ಳೆಯದು ಎಂದು ಅವಳಿಗೆ ಗೊತ್ತಿತ್ತು.

ಬಸ್ ಸ್ಟಾಪಿನ ಬೆಂಚಿನ ಮೇಲೆ ಒಬ್ಬ ಮುದುಕಿ. ಅವಳ ಪಕ್ಕದಲ್ಲಿ, ಬಸ್ಸಿಗೆ ಕಾಯುತ್ತಿರುವ ಇನ್ನೊಬ್ಬರ ಹಾಗೆ, ಬೆಂಚಿಗೆ ಒರಗಿ ನಿಂತ ನೀಲಿ ಬಣ್ಣದ ಒಂದು ಬಾಗಿಲು. ಬಾಗಿಲ ಚಿಲಕಕ್ಕೆ ಬೀಗ. ಮನೆ ಮಾತ್ರ ಎಲ್ಲೂ ಇಲ್ಲ. ಮುದುಕಿ ಅತ್ತ ತಿರುಗಿ ನಗುತ್ತಿದ್ದಾಳೆ.

“ಏನು ಹೆಸರಿಟ್ಟೆ?” ಎಂದರು ಗುರುಗಳು.

“‘ಮನೆ ಜೋಪಾನ’ ಅಂತ. ಫೋಟೋ ಪ್ರದರ್ಶನದಲ್ಲಿ ಒಳಗೆ ಬರುವವರಿಗೆ ಮೊದಲು ಕಾಣುವ ಗೋಡೆಗೆ ಹಾಕುತ್ತಾರಂತೆ.”

ಗುರುಗಳು ಬಹಳ ಹೊತ್ತು ನೋಡಿದರು. ನಗಲಿಲ್ಲ.

“ಈಕೆ ಯಾರನ್ನು ನೋಡುತ್ತಿದ್ದಾರೆ?”

“ಅಲ್ಲೊಬ್ಬ ಮುದುಕ ಇದ್ದ ಗುರುಗಳೇ. ಬಾಗಿಲಿಗೆ ಕೈ ಕೊಟ್ಟು ನಿಂತಿದ್ದ. ಅವನಿದ್ದರೆ ಚಿತ್ರ ಕೆಡುತ್ತಿತ್ತು. ಯಾರೋ ಬಾಗಿಲು ಸಾಗಿಸುತ್ತಿದ್ದಾರೆ ಅಂತ ಗೊತ್ತಾಗಿಬಿಡುತ್ತಿತ್ತು. ಸ್ವಲ್ಪ ಪಕ್ಕಕ್ಕೆ ಸರೀರಿ ಅಂದೆ.”

“ಸರಿದರೇ?”

“ಸರಿದ. ಪಾಪ, ಏನೂ ಅನ್ನಲಿಲ್ಲ.”

ಗುರುಗಳು ಚಿತ್ರವನ್ನು ಅವಳ ಕೈಗೆ ವಾಪಸು ಕೊಟ್ಟರು.

“ಹೋಗಿ ಅವರನ್ನು ಕರೆದುಕೊಂಡು ಬಾ.”

“ಎಲ್ಲಿಗೆ?”

“ಚಿತ್ರದೊಳಕ್ಕೆ.”

ಇನ್ನೊಂದು ಫೋಟೋ ತೆಗೆದುಕೊಂಡು ಬಾ ಎನ್ನುತ್ತಿದ್ದಾರೆ ಎಂದೇ ರೋಹಿಣಿ ತಿಳಿದಳು. ಮನಸ್ಸಿಗೆ ಒಪ್ಪಲಿಲ್ಲ. ಆದರೂ ಗುರುಗಳ ಮಾತು, ಚಿತ್ರವನ್ನು ಚೀಲದಲ್ಲಿಟ್ಟುಕೊಂಡು ಹೊರಟಳು.

ಆ ಬಸ್ ಸ್ಟಾಪಿನಲ್ಲಿ ಹೂ ಮಾರುವ ಹೆಂಗಸನ್ನು ಕೇಳಿದಳು.

“ಬಾಗಿಲು ಹೊತ್ತುಕೊಂಡು ಬಂದಿದ್ದವರಾ? ಕಾಲುವೆ ಪಕ್ಕದ ಮನೆಗಳನ್ನು ಕೆಡವಿದರಲ್ಲ, ಅಲ್ಲಿಯವರು. ಫ್ಲೈಓವರ್ ಕೆಳಗೆ ಇದ್ದಾರೆ ನೋಡಿ.”

ಆ ಬಾಗಿಲು ಎಲ್ಲಿಯದು ಎಂದು ರೋಹಿಣಿಗೆ ತಿಳಿದದ್ದು ಆಗ. ಫೋಟೋ ತೆಗೆದ ದಿನ ಕೇಳಬೇಕು ಎಂದು ಅವಳಿಗೆ ಹೊಳೆದಿರಲೇ ಇಲ್ಲ.

ಜಿನುಗು ಮಳೆಯಲ್ಲಿ ನಡೆದು ಹೋದಳು. ಮೊದಲು ಕಂಡದ್ದು ಬಾಗಿಲೇ. ಇಟ್ಟಿಗೆಗಳ ಮೇಲೆ ಅದನ್ನು ಮಂಚದ ಹಾಗೆ ಮಲಗಿಸಿದ್ದರು. ಅದರ ಒಂದು ತುದಿಯಲ್ಲಿ ಮುದುಕಿ ಕೂತಿದ್ದಳು. ಹೆಸರು ಅಕ್ಕಯ್ಯಮ್ಮ.

“ಬಾರವ್ವ. ಅವತ್ತು ಫೋಟಾ ಹಿಡಿದವಳಲ್ವಾ ನೀನು?”

“ಹೌದಮ್ಮ. ತಾತ ಎಲ್ಲಿ?”

“ಹೋಗ್ಬಿಟ್ರು.”

ಎಲ್ಲಿಗೆ ಎಂದು ಕೇಳಲು ಬಾಯಿ ತೆರೆದ ರೋಹಿಣಿ, ಮುದುಕಿಯ ಬೋಳು ಹಣೆ ನೋಡಿ ಸುಮ್ಮನಾದಳು.

“ಮಳೇಲಿ ನೆಂದಿದ್ರು. ಕೆಮ್ಮು ಎದೆಗೆ ಇಳೀತು. ಸುಮ್ನೆ ಮಲಗಿದ್ರೆ ಹೋಗುತ್ತೆ ಅಂದ್ರು. ಇದರ ಮೇಲೇ ಮಲಗಿದ್ರು.”

ತಲೆಯ ಮೇಲೆ ವಾಹನಗಳು ಗುಡುಗುತ್ತಿದ್ದವು. ಆ ಸದ್ದು ತಗ್ಗುವ ತನಕ ಅಕ್ಕಯ್ಯಮ್ಮ ಕಾದಳು.

“ಮನೇಲಿ ಒಂದು ಫೋಟಾ ಇತ್ತು, ಮದುವೇದು. ಗೋಡೆ ಜೊತೇಲೇ ಹೋಯ್ತು. ಈಗ ಕಣ್ಣು ಮುಚ್ಚಿದ್ರೆ ಒಂದೊಂದು ದಿನ ಅವರ ಮುಖ ಬರುತ್ತೆ. ಒಂದೊಂದು ದಿನ ಎಷ್ಟು ಕರೆದ್ರೂ ಬರಲ್ಲ. ನೀನು ಹಿಡಿದ್ಯಲ್ಲ ತಾಯಿ, ಅದ್ರಲ್ಲಿ ನಮ್ಮನೆಯೋರು ಇದಾರಾ?”

ಚೀಲದಲ್ಲಿದ್ದ ಚಿತ್ರ ರೋಹಿಣಿಯ ಬೆನ್ನಿಗೆ ಒತ್ತುತ್ತಿತ್ತು. ತಂದಿಲ್ಲ ಎಂದು ಹೇಳಬಹುದಿತ್ತು. ಹೇಳಲಾಗಲಿಲ್ಲ. ತೆಗೆದುಕೊಟ್ಟಳು.

ಅಕ್ಕಯ್ಯಮ್ಮ ಅದನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಅವಳ ಬೆರಳು ಮೊದಲು ತನ್ನ ಮೇಲೆ ನಿಂತಿತು. ಆಮೇಲೆ ಬಾಗಿಲ ಮೇಲೆ. ಆಮೇಲೆ ಕಾಗದದ ಅಂಚು ದಾಟಿ, ತನ್ನ ಸೀರೆಯ ಮೇಲೆ ಒಂದು ಕಡೆ ನಿಂತಿತು.

“ಇಲ್ಲಿ ನಿಂತಿದ್ರು.”

“ನಾನೇ ಸರೀರಿ ಅಂದೆ ಅಮ್ಮ.”

“ಅಂದೆ. ನನಗೂ ಕೇಳಿಸ್ತು.”

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ರೋಹಿಣಿಗೆ ಉಸಿರಾಡಲು ಸ್ವಲ್ಪ ಜಾಗ ಸಿಗುತ್ತಿತ್ತು.

ಏನಾದರೂ ಮಾತಾಡಬೇಕಲ್ಲ ಎಂದು ಕೇಳಿದಳು, “ಬಾಗಿಲಿಗೆ ಬೀಗ ಯಾಕೆ ಹಾಕಿದ್ರಿ?”

“ಹೊತ್ಕೊಂಡು ಬರುವಾಗ ಚಿಲಕ ಬಡ್ಕೋತಿತ್ತು. ಸುಮ್ನಿರ್ಲಿ ಅಂತ ಅವರೇ ಹಾಕಿದ್ರು.” ಅಕ್ಕಯ್ಯಮ್ಮ ಚಿತ್ರದಲ್ಲಿದ್ದ ತನ್ನ ಮುಖವನ್ನು ಮತ್ತೆ ನೋಡಿದಳು. “ನಾನು ನಗ್ತಾ ಇದೀನಲ್ಲ, ಅದೂ ಅವರಿಂದ್ಲೇ. ಬಾಗಿಲಂತೂ ಇದೆ, ನೆಂಟರು ಬಂದ್ರೆ ಬಡೀಲಿ ಬಿಡು ಅಂದ್ರು. ಅಷ್ಟ್ರಲ್ಲಿ ನೀನು ಬಂದೆ.”

ರೋಹಿಣಿ ಎದ್ದಳು.

“ಕೂತ್ಕೋ, ಟೀ ತರಿಸ್ತೀನಿ. ಅಲ್ಲೇ ಗಾಡಿ ಇದೆ.”

“ಕೆಲಸ ಇದೆ ಅಮ್ಮ. ಇನ್ನೊಂದು ದಿನ ಬರ್ತೀನಿ.”

ಕೆಲಸವೇನೂ ಇರಲಿಲ್ಲ. ಚಿತ್ರವನ್ನು ಅಲ್ಲೇ ಬಿಟ್ಟು, ಹಿಂದೆ ತಿರುಗದೆ, ಮಳೆಯಲ್ಲೇ ನಡೆದುಬಿಟ್ಟಳು.

ಪ್ರದರ್ಶನದವರಿಗೆ ಫೋನ್ ಮಾಡಿ ಆ ಚಿತ್ರ ಹಾಕಬೇಡಿ ಎಂದಳು. ನಾಲ್ಕಾರು ದಿನ ಮನೆಯಿಂದ ಹೊರಬೀಳಲಿಲ್ಲ. ಕ್ಯಾಮೆರಾ ಮೇಜಿನ ಮೇಲೆ ಬಿದ್ದಿತ್ತು. ಅದರ ಕಣ್ಣು ತನ್ನ ಕಡೆಗಿದೆ ಅನ್ನಿಸಿ ಗೋಡೆಯ ಕಡೆ ತಿರುಗಿಸಿಟ್ಟಳು.

ಕೊನೆಗೆ ಕೆರೆಯ ದಂಡೆಗೆ ಹೋಗಿ ಗುರುಗಳಿಗೆ ಎಲ್ಲವನ್ನೂ ಹೇಳಿದಳು.

“ಅವರ ಹೆಸರೇನು?” ಎಂದರು ಗುರುಗಳು.

“ಗಂಡನ ಹೆಸರು ಆಕೆ ಹೇಳಲಿಲ್ಲ. ನಾನೂ ಕೇಳಲಿಲ್ಲ.”

“ಟೀ ಕುಡಿದೆಯಾ?”

“ಇಲ್ಲ. ಹೇಗೆ ಕುಡಿಯಲಿ ಗುರುಗಳೇ?”

“ಆಕೆ ಕೊಟ್ಟದ್ದು ಅದೊಂದೇ. ಅದನ್ನೂ ಬೇಡ ಅಂದೆ.” ಗುರುಗಳು ನೀರಿನ ಕಡೆ ತಿರುಗಿದರು. “ಹೋಗಿ ಕುಡಿದು ಬಾ.”

ರೋಹಿಣಿ ಅಲ್ಲಿಂದಲೇ ಹೊರಟಳು. ದಾರಿಯುದ್ದಕ್ಕೂ ಆಡಬೇಕಾದ ಮಾತುಗಳನ್ನು ಜೋಡಿಸಿಕೊಂಡಳು. ಮೊದಲು ತಾತನ ಹೆಸರು ಕೇಳಬೇಕು. ಯಾವ ಊರಿನವರು, ಏನು ಕೆಲಸ ಮಾಡುತ್ತಿದ್ದರು, ಇನ್ನೂ ಯಾವ ಯಾವ ಮಾತು ಹೇಳಿ ನಗಿಸುತ್ತಿದ್ದರು ಎಂದು ಕೇಳಬೇಕು.

ಫ್ಲೈಓವರ್ ಕೆಳಗೆ ಹೊಸ ಕಬ್ಬಿಣದ ಬೇಲಿ ನಿಂತಿತ್ತು. ಒಳಗೆ ಕೆಂಪು ಮಣ್ಣು ಸುರಿದು ಸಾಲಾಗಿ ಗಿಡ ನೆಟ್ಟಿದ್ದರು. ಇಟ್ಟಿಗೆಗಳೂ ಇರಲಿಲ್ಲ.

ಟೀ ಗಾಡಿಯವನು ಆಚೆ ತಿರುವಿನಲ್ಲಿ ಸಿಕ್ಕಿದ.

“ಎಲ್ಲರನ್ನೂ ಎಬ್ಬಿಸಿದ್ರು ಮೇಡಂ. ಎಲ್ಲಿಗೆ ಹೋದ್ರೋ ಯಾರಿಗೆ ಗೊತ್ತು.”

“ಒಬ್ಬರು ಅಜ್ಜಿ ಇದ್ದರಲ್ಲ, ಬಾಗಿಲ ಮೇಲೆ ಕೂತಿರುತ್ತಿದ್ದರು.”

“ಅವರಾ? ಬಾಗಿಲು ತಗೊಂಡು ಹೋಗ್ತೀನಿ ಅಂತ ತುಂಬಾ ಹೊತ್ತು ಒದ್ದಾಡಿದ್ರು. ಒಂದು ಕಡೆ ಎತ್ತಿದ್ರೆ ಇನ್ನೊಂದು ಕಡೆ ಹಿಡಿಯೋರು ಬೇಕಲ್ಲ. ನಾನೂ ಗಾಡಿ ಬಿಟ್ಟು ಹೋಗೋ ಹಾಗಿರಲಿಲ್ಲ. ಕೊನೆಗೆ ಲಾರಿಯವರು ಕಸದ ಜೊತೆ ಹಾಕ್ಕೊಂಡು ಹೋದ್ರು.”

“ಅಜ್ಜಿ?”

“ಏನೋ ಒಂದು ಫೋಟೋ ಇತ್ತು. ನೆನೀದೇ ಇರ್ಲಿ ಅಂತ ಪ್ಲಾಸ್ಟಿಕ್ ಕವರ್ ಕೇಳಿದ್ರು. ಕೊಟ್ಟೆ. ಅದನ್ನ ಹಿಡ್ಕೊಂಡು ಹೋದ್ರು.”

“ಯಾವ ಕಡೆಗೆ?”

ಅವನು ನಾಲ್ಕು ದಾರಿಗಳು ಕೂಡುವ ಕಡೆ ಕೈ ತೋರಿಸಿ, ಮತ್ತೆ ಹಾಲು ಕಾಯಿಸತೊಡಗಿದ.

ಕತ್ತಲಾಗುವ ತನಕ ರೋಹಿಣಿ ಬಸ್ ಸ್ಟಾಪುಗಳನ್ನು, ಸಬ್‌ವೇಗಳನ್ನು, ಮುಚ್ಚಿದ ಅಂಗಡಿಗಳ ಕಟ್ಟೆಗಳನ್ನು ನೋಡುತ್ತಾ ನಡೆದಳು. ದಿನವೂ ತಮಾಷೆ ಹುಡುಕಿಕೊಂಡು ಓಡಾಡಿದ ಬೀದಿಗಳೇ. ಎಲ್ಲೆಲ್ಲೂ ಮುದುಕಿಯರಿದ್ದರು. ಇಷ್ಟು ಮಂದಿ ಮುದುಕಿಯರು ಈ ಊರಿನಲ್ಲಿದ್ದಾರೆಂದು ಅವಳಿಗೆ ಗೊತ್ತಿರಲಿಲ್ಲ. ಒಬ್ಬರೂ ಅಕ್ಕಯ್ಯಮ್ಮನಲ್ಲ.

ಮರುದಿನ ಬೆಳಿಗ್ಗೆ ಅವಳು ಗುರುಗಳ ಮುಂದೆ ಬಂದು ಕೂತಳು. ಕೊರಳಿನಿಂದ ಕ್ಯಾಮೆರಾ ತೆಗೆದು ಅವರ ಪಾದದ ಬಳಿ ಇಟ್ಟಳು.

“ಆಕೆ ಸಿಗಲಿಲ್ಲ ಗುರುಗಳೇ. ಇನ್ನು ಮೇಲೆ ನಾನು ಇದನ್ನು ಮುಟ್ಟುವುದಿಲ್ಲ. ಬರಿಗೈಯಲ್ಲಿ ಹೋಗಿ ಹುಡುಕುತ್ತೇನೆ.”

ಕೆರೆಯ ಮೇಲೆ ಮೋಡ ಕವಿದಿತ್ತು. ನೀರು ಬೂದಿಯ ಬಣ್ಣಕ್ಕೆ ತಿರುಗಿತ್ತು.

ಗುರುಗಳು ಬಾಗಿ ಕ್ಯಾಮೆರಾವನ್ನು ಎತ್ತಿಕೊಂಡರು. ಅದರ ಪಟ್ಟಿಯನ್ನು ಬಿಡಿಸಿ ಅವಳ ಕೊರಳಿಗೆ ಮತ್ತೆ ಹಾಕಿದರು.

“ಕೆಳಗಿಟ್ಟು ಹಗುರಾಗಬೇಡ. ಹೊತ್ತುಕೊಂಡೇ ಹುಡುಕು.”