ಕಮಾನಿನ ಕೆಳಗೊಂದು ಕುರ್ಚಿ

ಹಗರಿ ಹೊಳೆಗೆ ಸೇತುವೆ ಕಟ್ಟಿಸುತ್ತಿದ್ದವನು ಕೀನನ್ ಎಂಬ ಐರಿಷ್ ಓವರ್‌ಸಿಯರ್. ಹೊಟ್ಟೆಪಾಡಿಗೆ ಹಡಗು ಹತ್ತಿ ಬಂದವನು, ಕೂಲಿಯವರ ಜೊತೆ ಕೂತು ರೊಟ್ಟಿ ತಿನ್ನುವವನು. ಅವನ ಮೇಲಿನ ಇಂಗ್ಲಿಷ್ ಎಂಜಿನಿಯರ್ ಸಾಹೇಬ ಒಂದು ದಿನ ಕುದುರೆಯಿಂದ ಇಳಿಯದೆಯೇ ಅಪ್ಪಣೆ ಕೊಟ್ಟ.

"ಶುಕ್ರವಾರ ಕಲೆಕ್ಟರು ನೋಡಲು ಬರುತ್ತಾರೆ. ಕಮಾನಿಗೆ ಕೊಟ್ಟಿರುವ ಆಸರೆ ಮರಗಳನ್ನು ನಾಳೆಯೇ ಬಿಚ್ಚಿಸು."

"ಗಾರೆ ಇನ್ನೂ ಹಸಿ ಇದೆ, ಸಾಹೇಬರೇ. ಬಿಚ್ಚುವವರ ತಲೆ ಮೇಲೆ ಕಲ್ಲು ಬೀಳುತ್ತದೆ."

"ಬಿದ್ದರೆ ಬೇರೆ ಕೂಲಿಯವರು ಸಿಗುತ್ತಾರೆ."

ಮರುದಿನ ಕೀನನ್ ಕಮಾನಿನ ಕೆಳಗೆ, ನಟ್ಟನಡುವೆ, ಒಂದು ಬೆತ್ತದ ಕುರ್ಚಿ ಹಾಕಿಸಿದ.

"ಇದು ಯಾರಿಗೆ?" ಅಂದ ಸಾಹೇಬ.

"ತಮಗೇ. ಆಸರೆ ಬಿಚ್ಚುವಾಗ ಅಪ್ಪಣೆ ಕೊಟ್ಟವರು ಕೆಳಗೆ ಕೂರುವುದು ನಮ್ಮ ದೇಶದ ಪದ್ಧತಿ. ಜನಕ್ಕೆಲ್ಲ ಹೇಳಿಬಿಟ್ಟಿದ್ದೇನೆ. ತಾವು ಕೂರದಿದ್ದರೆ ಸೇತುವೆ ಗಟ್ಟಿಯಿಲ್ಲ ಅಂತ ಕಲೆಕ್ಟರ ಕಿವಿಗೆ ಬೀಳುತ್ತದೆ."

ಸಾಹೇಬ ಕುರ್ಚಿಯನ್ನು ನೋಡಿದ. ಕಮಾನಿನಿಂದ ಸುಣ್ಣದ ನೀರು ತೊಟ್ಟಿಕ್ಕಿ ಅದರ ಮೇಲೆ ಬಿತ್ತು. ಅವನು ಒಮ್ಮೆ ಕೆಮ್ಮಿದ.

"ಇನ್ನೊಂದು ತಿಂಗಳು ಹೀಗೇ ಇರಲಿ."

ತಿಂಗಳಾದ ಮೇಲೆ ಆಸರೆ ಬಿಚ್ಚಿದರು; ಕಮಾನು ನಿಂತಿತು, ಯಾರಿಗೂ ಏನೂ ಆಗಲಿಲ್ಲ. ಸೇತುವೆಯ ಕಲ್ಲಿನಲ್ಲಿ ಸಾಹೇಬನ ಹೆಸರು ಕೆತ್ತಿದರು. ಕೀನನ್‌ನನ್ನು ಚಳಿಜ್ವರದ ಕಾಡಿಗೆ ವರ್ಗ ಮಾಡಿದರು. ಅವನು ಗಾಡಿ ಹತ್ತುವಾಗ ಮೇಸ್ತ್ರಿ ಸಣ್ಣೆಂಕಟ ಹತ್ತಿರ ಬಂದು ಕೇಳಿದ.

"ನಿಮ್ಮ ದೇಶದಾಗೆ ಆ ಕುರ್ಚಿ ಪದ್ಧತಿ ಇರೋದು ದಿಟವಾ, ದೊರೆ?"

"ಎಲ್ಲಿ ಬಂತು, ಮೇಸ್ತ್ರಿ? ಅಲ್ಲೂ ಅಪ್ಪಣೆ ಕೊಟ್ಟೋರು ಈ ಇಂಗ್ಲಿಷಿನವರೇ. ಕೆಳಗೆ ನಿಂತಿದ್ದೋನು ನಮ್ಮಪ್ಪ."