ಬುಡಕ್ಕೆ ಒದ್ದೆ, ಎಲೆಗೆ ಗಾಳಿ

ಶಿಷ್ಯ ಕೇಳಿದ: "ಗುರುಗಳೇ, ಜೀವಕೋಶದ ಪೊರೆ ಎರಡು ಪದರ ಕೊಬ್ಬಿನದು. ಕೊಬ್ಬಿನ ಕಣಕ್ಕೆ ನೀರನ್ನು ಬಯಸುವ ತಲೆ, ನೀರಿಗೆ ಹೇಸುವ ಬಾಲ. ಈಚೆಯ ಕಣ ಆಚೆಯ ಪದರ ಸೇರಬೇಕಾದರೆ ಬಾಲಗಳು ತುಂಬಿದ ನಡುವಿನ ಜಿಡ್ಡನ್ನು ಆ ತಲೆ ಹಾಯಲಾರದು. ಪೊರೆಯಲ್ಲೇ ನಿಂತಿರುವ ಪ್ರೋಟೀನು ಅದನ್ನು ಹೇಗೆ ದಾಟಿಸುತ್ತದೆ?"

ಗುರುಗಳು ಹೇಳಿದರು:

ಒಬ್ಬ ರೈತನಿಗೆ ಎಲೆತೋಟವಿತ್ತು. ಅವನ ತಂಗಿಯನ್ನು ಒಣ ಬಯಲಿನಾಚೆಯ ಊರಿಗೆ ಕೊಟ್ಟಿದ್ದರು. ತವರಿನ ವೀಳ್ಯದ ಬಳ್ಳಿ ತನ್ನ ಹಿತ್ತಿಲಲ್ಲಿ ಹಬ್ಬುವುದನ್ನು ನೋಡಬೇಕೆಂದು ಅವಳು ಹೇಳಿಕಳಿಸುತ್ತಲೇ ಇದ್ದಳು. ರೈತ ಬಳ್ಳಿಯ ತುಂಡುಗಳನ್ನು ಹಾಗೆಯೇ ಕಟ್ಟಿ ಕಳಿಸಿದ, ಬುಡ ಒಣಗಿತು. ಮರುವರ್ಷ ಅಡಿಯಿಂದ ಮುಡಿಯವರೆಗೆ ಒದ್ದೆ ಬಟ್ಟೆ ಸುತ್ತಿದ; ಎಲೆ ಕೊಳೆಯಿತು. ಸತ್ತ ಬಳ್ಳಿಯನ್ನೂ ಅವಳು ನೆಟ್ಟು ನೀರು ಹೊಯ್ದಳಂತೆ.

ಆ ದಾರಿಯಲ್ಲಿ ತಿರುಗುವ ಒಬ್ಬ ವರ್ತಕನಿಗೆ ಸುದ್ದಿ ತಿಳಿಯಿತು. "ಗೌಡ್ರೇ, ಅಕ್ಕರೆ ಅತಿಯಾದರೂ ಸರಕು ಕೆಡುತ್ತೆ," ಎಂದ. "ನೀರು ಕೇಳೋದು ಬುಡ. ಎಲೆಯನ್ನು ಯಾಕೆ ಮುಳುಗಿಸ್ತೀರಿ?"

ಬಾಳೆಪಟ್ಟೆಯೊಂದನ್ನು ಕಾಲುವೆಯಂತೆ ಬಾಗಿಸಿ, ಒದ್ದೆ ನಾರು ತುಂಬಿ, ಬುಡಗಳನ್ನಷ್ಟೇ ಅದರಲ್ಲಿ ಕೂರಿಸಿದ. ಎಲೆಗಳನ್ನು ಗಾಳಿಗೆ ಬಿಟ್ಟ. ಪ್ರೋಟೀನು ಮಾಡುವುದೂ ಇಷ್ಟೇ. ತನ್ನ ಮೈಯಲ್ಲೊಂದು ಒದ್ದೆ ಕಾಲುವೆ ತೆರೆದು ತಲೆಯನ್ನು ಅದರಲ್ಲಿ ಜಾರಿಸುತ್ತದೆ. ಬಾಲ ಜಿಡ್ಡಿನಲ್ಲೇ ಇರುತ್ತದೆ. ಬಳ್ಳಿಯನ್ನು ಹೊತ್ತೊಯ್ಯುವ ಕೂಲಿಗೆ ವರ್ತಕ ಒಂದು ಹೊತ್ತಿನ ಊಟವನ್ನೂ ತನಗೆಂದು ಒಂದು ಬಳ್ಳಿಯನ್ನೂ ಕೇಳಿದ.

ಬಳ್ಳಿ ಹಸಿರಾಗಿಯೇ ಬಯಲು ದಾಟಿತು. ತಂಗಿ ಅದನ್ನು ನುಗ್ಗೆಮರದ ಮಗ್ಗುಲಲ್ಲಿ ನೆಟ್ಟಳು. ಪಟ್ಟೆಯಲ್ಲಿ ಒಂದು ತುಂಡು ಉಳಿದದ್ದನ್ನು ಕಂಡು, ಇದು ಯಾರ ಮನೆಗೆಂದು ವಿಚಾರಿಸಿದಳು. ತನ್ನದೇ ಎಂದ ವರ್ತಕ. ಎಂದಾದರೂ ಒಂದು ಮನೆ ಮಾಡಿದರೆ ನೆಡೋಣವೆಂದು ಹೊತ್ತು ತಿರುಗುತ್ತಿದ್ದ. ಒಂದು ಬಾಡಿದರೆ ಇನ್ನೊಂದನ್ನು ಕೇಳಿ ಪಡೆಯುತ್ತಿದ್ದ.

"ಹಾಗಾದರೆ ಇಲ್ಲೇ ನೆಡು, ಅಣ್ಣ," ಎಂದಳು. "ಹಿತ್ತಿಲು ದೊಡ್ಡದು. ನೀನೂ ಇರು."

ವರ್ತಕ ಕುಕ್ಕರಗಾಲಲ್ಲಿ ಕೂತು ಒಂದು ಹಿಡಿ ಮಣ್ಣು ಎತ್ತಿದ. ಹಿಸುಕಿ ನೋಡಿದ. ಒಳ್ಳೆಯ ಮಣ್ಣು. ಬಹಳ ಹೊತ್ತು ಅದನ್ನು ಕೆಳಗೆ ಹಾಕಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ ತಡೆಯಲಾರದೆ ಕೇಳಿದ: "ನೆಟ್ಟನೇ?"

"ಆ ಬಯಲನ್ನು ಇವತ್ತಿಗೂ ಅವನ ಪಟ್ಟೆಯಲ್ಲಿ ಬಳ್ಳಿ ದಾಟುತ್ತಿದೆ, ಮಗು."